ನಾಲೆಯ ಮೂಲದಲ್ಲೊಂದು ಜೊಂಡು

ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆ ‘ವಿ.ಸಿ. ನಾಲೆ’ ಎಂಬ ಮಾತನ್ನು ಕೇಳದವರಿಲ್ಲ. ಕನ್ನಂಬಾಡಿಯ ಎಡದಂಡೆಯಿಂದ ಹೊರಡುವ ಈ ಜಲಮಾರ್ಗಕ್ಕೆ ಮೊದಲು ವೈಸರಾಯ್ ಇರ್ವಿನ್ನನ ಹೆಸರಿತ್ತು. ಅನಂತರ ಅದು ವಿಶ್ವೇಶ್ವರಯ್ಯನವರದಾಯಿತು. ‘ವಿ.ಸಿ.’ ಎಂಬಲ್ಲಿನ ‘ಸಿ’ ಎಂದರೆ ಕೆನಾಲ್. ಕೆನಾಲ್ ಎಂದರೆ ನಾಲೆಯೇ. ಎಂದ ಮೇಲೆ ನಾವು ಆಡುತ್ತಿರುವುದು ‘ವಿಶ್ವೇಶ್ವರಯ್ಯ ನಾಲೆ ನಾಲೆ’! ಲಾಕ್ಷಣಿಕರು ಇದನ್ನು ಪುನರುಕ್ತಿದೋಷವೆನ್ನಬಹುದು. ಆದರೆ ಈ ಎರಡು ಪದಗಳ ಹುಟ್ಟನ್ನು ಅರಸಹೊರಟರೆ ದೋಷಕ್ಕಿಂತ ಸ್ವಾರಸ್ಯವೇ ಹೆಚ್ಚು.

ಕೆನಾಲ್ ಎಂಬುದು ಲ್ಯಾಟಿನಿನ ‘ಕನಾಲಿಸ್’ನಿಂದ ಬಂದುದು. ಅದರ ಅರ್ಥ ಕೊಳವೆ, ನೀರು ಹರಿಯುವ ತೋಡು. ಅದಕ್ಕೂ ಹಿಂದಿನದು ‘ಕನ್ನ’, ಎಂದರೆ ಒಳಗೆ ಪೊಳ್ಳಾದ ಜೊಂಡು. (ನಮ್ಮ ಕಳ್ಳರ ಕನ್ನಕ್ಕೂ ಇದಕ್ಕೂ ನಂಟಿಲ್ಲ.) ಲ್ಯಾಟಿನಿಗೆ ಅದು ಗ್ರೀಕಿನಿಂದ ಬಂದಿತು; ಗ್ರೀಕಿಗೆ ಪಶ್ಚಿಮ ಏಷ್ಯದಿಂದ. ಬ್ಯಾಬಿಲೋನಿನ ಅಕ್ಕಾಡಿಯನ್ ಭಾಷೆಯಲ್ಲಿ ಜೊಂಡಿಗೆ ‘ಕನೂ’ ಎಂದು ಹೆಸರು. ಹಳೆಯ ಫ್ರೆಂಚಿನ ಬಾಗಿಲಿನಿಂದ ಇಂಗ್ಲಿಷನ್ನು ಹೊಕ್ಕಾಗ ಕನಾಲಿಸ್ ‘ಚಾನಲ್’ ಆಯಿತು. ಮುಂದೆ ಮತ್ತೊಮ್ಮೆ ಬಂದಾಗ ಕೆನಾಲ್. ಇಂದು ದೂರದರ್ಶನದ ಮುಂದೆ ಕುಳಿತು ಚಾನಲ್ ಬದಲಿಸುವವರು ತಿರುವುವುದೂ ಅದೇ ಜೊಂಡನ್ನೇ.

ಆ ಜೊಂಡಿನ ಇನ್ನೊಂದು ಕುಡಿ ‘ಕೇನ್’. ಶುಗರ್‌ಕೇನ್ ಎಂಬಲ್ಲಿ ಶುಗರ್ ನಮ್ಮ ‘ಶರ್ಕರಾ’. ಪಾರಸಿ, ಅರಬ್ಬಿಗಳನ್ನು ಹಾದು ಯೂರೋಪಿಗೆ ಹೋದುದು. ಉಳಿದರ್ಧ ಬ್ಯಾಬಿಲೋನಿನದು. 1930ರ ದಶಕದಲ್ಲಿ ಕೆನಾಲಿನ ನೀರು ಮಂಡ್ಯದ ಬಯಲಿಗೆ ಹರಿದು, 1933ರಲ್ಲಿ ಅಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಗಿ, ಊರೂರಿಗೂ ಕಬ್ಬು ಹಬ್ಬಿದಾಗ ಕೆನಾಲೂ ಕೇನೂ ಒಂದೇ ಗದ್ದೆಯ ಬದುವಿನಲ್ಲಿ ಕೂಡಿಕೊಂಡವು.

ಇನ್ನು ನಮ್ಮ ನಾಲೆ. ಅದು ಹಿಂದೂಸ್ತಾನಿಯ ‘ನಾಲಾ’. ಅದರ ಬೇರು ಸಂಸ್ಕೃತದ ‘ನಾಳ’, ಎಂದರೆ ತಾವರೆಯ ಪೊಳ್ಳು ದಂಟು. ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನವರು ಟೊಳ್ಳಾದ ದಂಟನ್ನು ನೋಡಿಯೇ ನೀರಿನ ದಾರಿಗೆ ಹೆಸರಿಟ್ಟರು!

ಕೆನಾಲನ್ನು ಬಿಟ್ಟು ಅಚ್ಚಗನ್ನಡದ ನಾಲೆಯನ್ನೇ ಬಳಸಬೇಕೆನ್ನುವವರಿದ್ದಾರೆ. ಹಾಗಾದರೆ ನಾಲೆಯನ್ನೂ ಬಿಡಬೇಕಾದೀತು. ಅಚ್ಚ ದ್ರಾವಿಡವಾದುದು ತಮಿಳಿನ ‘ಕಾಲ್ವಾಯ್’ಗೆ ಬಂಧುವಾದ ‘ಕಾಲುವೆ’ಯೊಂದೇ. ನಾಗಮಂಗಲದಂಥ ಕೆರೆಗಳ ಸೀಮೆಯಲ್ಲಿ ತೂಬಿನಿಂದ ಹೊರಟ ನೀರಿಗೆ ಕಾಲುವೆ ಎಂಬ ಹೆಸರೇ ಸಾಕಾಗಿತ್ತು. 1979ರಲ್ಲಿ ಮುಗಿದ ಗೊರೂರು ಅಣೆಕಟ್ಟಿನಿಂದ ಹೇಮಾವತಿಯ ನೀರು ಕೃಷ್ಣರಾಜಪೇಟೆಯನ್ನು ಹಾದು ಅತ್ತ ಸಾಗಿದಾಗ ಅದು ‘ನಾಲೆ’ಯಾಗಿಯೇ ಬಂದಿತು. ಕಾಲುವೆ ಊರಿನದು, ನಾಲೆ ಸರ್ಕಾರದ್ದು. ಈ ಭೇದವನ್ನು ಅಳಿಸಿ ನುಡಿಯನ್ನು ಶುದ್ಧಗೊಳಿಸುವುದು ನನಗೆ ಒಪ್ಪಿಗೆಯಿಲ್ಲ.

ಕೊಟ್ಟ ಲೆಕ್ಕವೂ ಉಂಟು. ಅದೇ ಕೃಷ್ಣರಾಜಪೇಟೆಯ ಮಂದಗೆರೆಯಲ್ಲಿ ಹೇಮಾವತಿಗೆ ಅಡ್ಡಲಾಗಿರುವ ಹಳೆಯ ಕಟ್ಟೆಗೆ ಇಂಗ್ಲಿಷ್ ಕಡತಗಳಲ್ಲಿ ‘ಆನಿಕಟ್’ ಎಂದು ಹೆಸರು. ಅದು ತಮಿಳಿನ ‘ಅಣೈಕ್ಕಟ್ಟು’. ನಮ್ಮ ಅಣೆಕಟ್ಟಿನ ಒಡಹುಟ್ಟು.