ಮೂತ್ರದ ನೊರೆಯಲ್ಲಿ ಹೃದಯದ ಸುಳಿವು

ಮೊಳಕಾಲ್ಮೂರು ತಾಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಕಿರುಶಾಸನವೂ ಇದೆ, ರಾಮೇಶ್ವರನ ಗುಡಿಯೂ ಇದೆ. ರಾವಣನೊಡನೆ ಕಾದಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂಬುದು ಜನರ ನಂಬಿಕೆ. ಗುಡಿಯ ಮೆಟ್ಟಿಲು ಹತ್ತುವಾಗ ಯಾರಿಗಾದರೂ ದಮ್ಮು ಬರುವುದು ಸಹಜ. ಆದರೆ ಹೋದ ವರ್ಷ ಸಲೀಸಾಗಿ ಹತ್ತಿದವರು ಈ ಸಲ ಅರ್ಧಕ್ಕೇ ಕೂತು ಏದುಸಿರು ಬಿಟ್ಟರೆ, ಕಾಲು ಊದಿಕೊಂಡಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗಬಾರದು. ಎದೆಯ ಜೊತೆಗೆ ಕಿಡ್ನಿಯನ್ನೂ ಪರೀಕ್ಷಿಸಬೇಕು.

ಕಿಡ್ನಿಗೂ ಹೃದಯಕ್ಕೂ ಇರುವ ಈ ನಂಟು ಹೊಸ ಸಂಗತಿಯಲ್ಲ. ಕಿಡ್ನಿ ಕೆಟ್ಟು ಸತ್ತ ಎಷ್ಟೋ ಜನರ ಹೃದಯ ದಪ್ಪವಾಗಿರುವುದನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1836ರಲ್ಲೇ ಬರೆದಿಟ್ಟಿದ್ದ. 2004ರಲ್ಲಿ ಕ್ಯಾಲಿಫೋರ್ನಿಯಾದ 11 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳಿಂದ ಲೆಕ್ಕ ಸ್ಪಷ್ಟವಾಯಿತು. ಕಿಡ್ನಿಯ ಸೋಸುವ ಶಕ್ತಿಯನ್ನು ಹೇಳುವ ಇಜಿಎಫ್ಆರ್ ಅಂಕಿ 45ರಿಂದ 59ರ ನಡುವೆ ಇದ್ದವರಲ್ಲಿ, ಅದಕ್ಕಿಂತ ಮೇಲಿದ್ದವರಿಗೆ ಹೋಲಿಸಿದರೆ, ಹೃದಯ, ರಕ್ತನಾಳದ ಅವಘಡಗಳ ಅಪಾಯ 1.4 ಪಟ್ಟು ಇತ್ತು. 15ಕ್ಕಿಂತ ಕೆಳಗೆ ಇಳಿದವರಲ್ಲಿ 3.4 ಪಟ್ಟು.

ಕಿಡ್ನಿ ಫೇಲ್ ಎಂದರೆ ಜನರಿಗೆ ಡಯಾಲಿಸಿಸ್‌ನದೇ ಭಯ. ನಿಜವೆಂದರೆ, ಆ ಹಂತ ಮುಟ್ಟುವವರಿಗಿಂತ ಮೊದಲೇ ತೀರಿಕೊಳ್ಳುವವರು ಹೆಚ್ಚು. ಅದಕ್ಕೆ ದೊಡ್ಡ ಕಾರಣ ಹೃದ್ರೋಗ.

ಸೋತ ಕಿಡ್ನಿ ಉಪ್ಪು, ನೀರನ್ನು ಪೂರ್ತಿ ಹೊರಹಾಕದು. ಬಿ.ಪಿ. ಏರುತ್ತದೆ, ಆ ಒತ್ತಡದೆದುರು ದುಡಿದು ಹೃದಯದ ಎಡ ಕೋಣೆಯ ಗೋಡೆ ದಪ್ಪವಾಗುತ್ತದೆ. ಕೆಂಪು ರಕ್ತಕಣ ಹುಟ್ಟಿಸುವ ಎರಿತ್ರೊಪೊಯೆಟಿನ್ ಹಾರ್ಮೋನು ಕಿಡ್ನಿಯಿಂದಲೇ ಬರಬೇಕು. ಅದು ತಗ್ಗಿದರೆ ರಕ್ತಹೀನತೆ, ಹೃದಯಕ್ಕೆ ಇನ್ನಷ್ಟು ದುಡಿಮೆ. ಎಲ್ಲಕ್ಕಿಂತ ವಿಚಿತ್ರ ರಂಜಕದ ಆಟ. ಫಾಸ್ಫೇಟ್ ರಕ್ತದಲ್ಲೇ ಉಳಿದಾಗ ಅಪಧಮನಿಯ ಗೋಡೆಯ ಸ್ನಾಯುಕೋಶಗಳು ತಮ್ಮ ಕಸುಬು ಮರೆತು ಮೂಳೆಕೋಶಗಳಂತೆ ವರ್ತಿಸತೊಡಗುತ್ತವೆ. ಗೋಡೆಯೊಳಗೆ ಸುಣ್ಣ ಕೂರುತ್ತದೆ. ಪ್ರತಿ ಬಡಿತಕ್ಕೂ ಹಿಗ್ಗಬೇಕಾದ ನಾಳ ಪೆಡಸಾಗಿ, ಆ ಹೊಡೆತವೂ ಹೃದಯಕ್ಕೇ ತಿರುಗುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರಿನ ಸೀಮೆಗೆ ಇನ್ನೊಂದು ತೊಡಕಿದೆ: ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್. ದೇಹಕ್ಕೆ ಸೇರಿದ ಫ್ಲೋರೈಡ್ ಹೆಚ್ಚಾಗಿ ಹೊರಹೋಗುವುದು ಕಿಡ್ನಿಯ ಮೂಲಕವೇ. ಕಿಡ್ನಿ ದುರ್ಬಲವಾದರೆ ಅದು ಮೂಳೆಗಳಲ್ಲಿ ಇನ್ನಷ್ಟು ಸೇರಿಕೊಳ್ಳುತ್ತದೆ. ಕೀಲು, ಸೊಂಟ ಹಿಡಿಯುತ್ತವೆ. ದಿನವಿಡೀ ಮಗ್ಗದ ಮುಂದೆ ಕೂರುವ ನೇಕಾರರಾಗಲಿ, ಬಿಸಿಲಲ್ಲಿ ಶೇಂಗಾ ಕೀಳುವವರಾಗಲಿ, ನೋವೆಂದು ಚೀಟಿಯಿಲ್ಲದೆ ಮಾತ್ರೆ ನುಂಗುತ್ತಾ ಹೋದರೆ, ಡೈಕ್ಲೊಫೆನಾಕ್‌ನಂಥವು ಮೊದಲೇ ಬಳಲಿದ ಕಿಡ್ನಿಯ ರಕ್ತದ ಹರಿವನ್ನು ತಗ್ಗಿಸುತ್ತವೆ, ಬಿ.ಪಿ.ಯನ್ನೂ ಏರಿಸುತ್ತವೆ. ಇದು ತಡೆಯಬಹುದಾದ ಹಾನಿ ಎಂಬುದೇ ಹೆಚ್ಚು ನೋವಿನ ಸಂಗತಿ.

ಶುಗರ್, ಬಿ.ಪಿ. ಇದ್ದವರಿಗೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ನಡೆದರೂ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆ ತಪ್ಪಿಹೋಗುವುದೇ ಹೆಚ್ಚು. ಅದು ತಪ್ಪಬಾರದು. ಕ್ರಿಯಾಟಿನಿನ್ ಸರಿಯಿದ್ದಾಗಲೂ ಆಲ್ಬುಮಿನ್ ಸೋರುತ್ತಿರಬಹುದು. ಆ ಸೋರಿಕೆ ಹೃದಯದ ಅಪಾಯಕ್ಕೂ ಮುನ್ಸೂಚನೆ. ದಿನವೂ ನೊರೆನೊರೆಯಾಗಿ ಮೂತ್ರ ಹೋಗುವುದು ಅದರ ಒಂದು ಕುರುಹು, ಆದರೆ ಶುರುವಿನಲ್ಲಿ ನೊರೆಯೂ ಕಾಣದು.

ಬೇಗನೆ ಗೊತ್ತಾದರೆ ಮದ್ದಿದೆ. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್ ಕಿಡ್ನಿ ಕ್ಷೀಣಿಸುವುದನ್ನು ನಿಧಾನಿಸುವುದರ ಜೊತೆಗೆ ಹೃದಯವೈಫಲ್ಯವನ್ನೂ ತಗ್ಗಿಸುತ್ತದೆಂದು 2020ರ ದೊಡ್ಡ ಪ್ರಯೋಗ ತೋರಿಸಿತು, ಅದೂ ಶುಗರ್ ಇಲ್ಲದ ಕಿಡ್ನಿ ರೋಗಿಗಳನ್ನೂ ಸೇರಿಸಿಕೊಂಡು. ಭಾರತದಲ್ಲೀಗ ಹಲವು ಕಂಪನಿಗಳು ಅದನ್ನು ತಯಾರಿಸುವುದರಿಂದ ಬೆಲೆಯೂ ಇಳಿದಿದೆ.