ಕೋಳಿ ಆಹಾರಕ್ಕೆ ಕಿಣ್ವ: ಯಾರಿಗೆ ಲಾಭ, ಯಾರಿಗೆ ದಂಡ?

ತೋಟದ ಕೆಲಸದ ಜೊತೆಗೆ ಮನೆಯ ಬಳಿ ಐವತ್ತು ನೂರು ಕೋಳಿ ಸಾಕುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಕೋಳಿ ಆಹಾರದ ಅಂಗಡಿಗಳಲ್ಲಿ ಈಗ ‘ಎನ್‌ಜೈಮ್’ ಎಂಬ ಪುಡಿಯ ಪೊಟ್ಟಣಗಳು ಮಾರಾಟಕ್ಕಿವೆ. ಇದನ್ನು ಹಾಕಿದರೆ ಮರಿ ಬೇಗ ಬೆಳೆಯುತ್ತದೆ, ಮೊಟ್ಟೆ ಹೆಚ್ಚುತ್ತದೆ, ಕಾಯಿಲೆ ಹತ್ತಿರ ಸುಳಿಯದು ಎಂದೆಲ್ಲ ಮಾರುವವರು ಹೇಳುವುದುಂಟು. ಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವ ಮೊದಲು ಆ ಪುಡಿ ಕೋಳಿಯ ಹೊಟ್ಟೆಯೊಳಗೆ ಮಾಡುವ ಕೆಲಸವೇನೆಂದು ತಿಳಿದಿರುವುದು ಒಳ್ಳೆಯದು.

ಕಿಣ್ವದ ಕೆಲಸ ಕಾಫಿ ಬೆಳೆಗಾರರಿಗೆ ಹೊಸದಲ್ಲ. ಪಲ್ಪರಿನಿಂದ ಬಂದ ಬೀಜವನ್ನು ತೊಟ್ಟಿಯಲ್ಲಿ ಕೂಡಿಟ್ಟರೆ ಅರೇಬಿಕಾ ಒಂದು ಒಂದೂವರೆ ದಿನದಲ್ಲಿ ಲೋಳೆ ಬಿಡುತ್ತದೆ; ರೋಬಸ್ಟಾ ಮೂರು ದಿನದವರೆಗೂ ಹಿಡಿಯುವುದುಂಟು. ಲೋಳೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಒಡೆಯುವುದು ಸೂಕ್ಷ್ಮಜೀವಿಗಳು ಸ್ರವಿಸುವ ಕಿಣ್ವ. ಅದೇ ಕಿಣ್ವ ಪಿಷ್ಟವನ್ನಾಗಲಿ ಕೊಬ್ಬನ್ನಾಗಲಿ ಮುಟ್ಟದು. ಒಂದೊಂದು ಬೀಗಕ್ಕೆ ಒಂದೊಂದು ಬೀಗದ ಕೈ ಇರುವಂತೆ, ಒಂದೊಂದು ವಸ್ತುವಿಗೆ ಒಂದೊಂದು ಕಿಣ್ವ. ಅದು ತಾನಾಗಿ ಆಹಾರವೂ ಅಲ್ಲ, ಔಷಧಿಯೂ ಅಲ್ಲ. ಪೆಟ್ಟಿಗೆಯೊಳಗೆ ಏನಾದರೂ ಇದ್ದರೆ ತಾನೇ ಬೀಗ ತೆಗೆದು ಪ್ರಯೋಜನ!

ಪಿಷ್ಟ, ಸಸಾರಜನಕ, ಕೊಬ್ಬು ಇವುಗಳನ್ನು ಜೀರ್ಣಿಸಲು ಬೇಕಾದ ಕಿಣ್ವಗಳನ್ನು ಕೋಳಿ ತಾನೇ ತಯಾರಿಸಿಕೊಳ್ಳುತ್ತದೆ. ಅದರಿಂದ ತೆರೆಯಲಾಗದ ಬೀಗಗಳು ಮುಖ್ಯವಾಗಿ ಎರಡು. ನಮ್ಮ ಮಟ್ಟಿಗೆ ಮೊದಲನೆಯದೇ ದೊಡ್ಡದು.

ನಮ್ಮ ಕೆಂಪು ಹುಳಿಮಣ್ಣಿನಲ್ಲಿ ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಸೇರಿ ಬೇರಿಗೆ ದಕ್ಕದಂತೆ ಬಂಧಿತವಾಗುವುದನ್ನು ತೋಟದವರೆಲ್ಲ ಬಲ್ಲರು. ಮಣ್ಣಿನಲ್ಲಿ ಇದೆ, ಗಿಡಕ್ಕೆ ಇಲ್ಲ. ಕಾಳಿನೊಳಗೂ ಇಂಥದೇ ಸ್ಥಿತಿ. ಮೆಕ್ಕೆಜೋಳ, ಸೋಯಾ ಹಿಂಡಿ, ತವುಡು ಇವುಗಳಲ್ಲಿರುವ ರಂಜಕದ ಮೂರರಲ್ಲಿ ಎರಡು ಪಾಲಿನಷ್ಟು ‘ಫೈಟೇಟ್’ ಎಂಬ ರೂಪದಲ್ಲಿ ಬಂಧಿತವಾಗಿರುತ್ತದೆ. ಅಕ್ಕಿಯ ತವುಡಿನಲ್ಲಿ ಒಟ್ಟು ರಂಜಕ ಶೇಕಡಾ ಒಂದೂವರೆಯಷ್ಟಿದ್ದರೂ ಅದರ ಬಹುಪಾಲು ಈ ಬಂಧನದಲ್ಲೇ ಉಂಟು. ಕೋಳಿಯ ಕರುಳಿಗೆ ಇದನ್ನು ಬಿಡಿಸಿಕೊಳ್ಳುವ ಶಕ್ತಿ ತೀರ ಕಡಿಮೆ. ಹೀಗಾಗಿ ಅದು ಹಿಕ್ಕೆಯಲ್ಲಿ ಹೊರಬೀಳುತ್ತದೆ. ಮೂಳೆ ಬೆಳೆಯಲು ಬೇಕಾದ ರಂಜಕಕ್ಕಾಗಿ ನಾವು ದುಬಾರಿ ಡಿ.ಸಿ.ಪಿ. ತಂದು ಬೆರೆಸುತ್ತೇವೆ. ಸಾಲದ್ದಕ್ಕೆ ಫೈಟೇಟ್ ಹೊರಹೋಗುವಾಗ ಸ್ವಲ್ಪ ಸತು, ಸುಣ್ಣ, ಸಸಾರಜನಕಗಳನ್ನೂ ಜೊತೆಗೆ ಒಯ್ಯುತ್ತದೆ.

ಈ ಬಂಧನವನ್ನು ಬಿಡಿಸುವ ಕಿಣ್ವದ ಹೆಸರು ‘ಫೈಟೇಸ್’. ಹೆಸರು ಒಂದೇ ರೀತಿ ಕೇಳಿಸಿದರೂ ಫೈಟೇಟ್ ಬೀಗ, ಫೈಟೇಸ್ ಬೀಗದ ಕೈ. ಬೂಷ್ಟಿನ ಜಾತಿಯಿಂದ ಪಡೆದ ಫೈಟೇಸನ್ನು ಬೆರೆಸಿದರೆ ಮರಿಗಳು ಫೈಟೇಟ್ ರಂಜಕವನ್ನು ಬಳಸಿಕೊಳ್ಳಬಲ್ಲವೆಂದು ಅಮೆರಿಕದ ಸಂಶೋಧಕರು 1971ರಲ್ಲೇ ಪ್ರಕಟಿಸಿದ್ದರು. ಆದರೆ ಆಗ ಅದನ್ನು ಅಗ್ಗವಾಗಿ ತಯಾರಿಸುವ ವಿಧಾನವಿರಲಿಲ್ಲ. 1991ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಅದು ಮಾರುಕಟ್ಟೆಗೆ ಬಂದಿತು. ಆ ಪುಟ್ಟ ದೇಶದಲ್ಲಿ ಹಂದಿ ಕೋಳಿಗಳ ಗೊಬ್ಬರ ಮಿತಿಮೀರಿ, ಅದರ ರಂಜಕ ಕೆರೆ ಕಾಲುವೆಗಳನ್ನು ಕೆಡಿಸುತ್ತಿತ್ತು. ಗೊಬ್ಬರದಲ್ಲಿ ರಂಜಕ ಇಳಿಸುವುದೇ ಅವರ ಮುಖ್ಯ ಉದ್ದೇಶವಾಗಿತ್ತು. ಹಾಗಾದರೆ ನಮ್ಮ ತೋಟಕ್ಕೆ ಹೋಗುವ ಕೋಳಿಗೊಬ್ಬರದ ಸತ್ವ ಇಳಿಯುವುದಿಲ್ಲವೇ ಎಂದು ಕೇಳಬಹುದು. ರಂಜಕದ ಮಟ್ಟಿಗೆ ಇಳಿಯುತ್ತದೆ, ನಿಜ. ಆದರೆ ಡಿ.ಸಿ.ಪಿ. ಕೊಂಡು ಕೋಳಿಯ ಹೊಟ್ಟೆಯ ಮೂಲಕ ಗಿಡಕ್ಕೆ ಹಾಕುವುದಕ್ಕಿಂತ ನೇರವಾಗಿ ರಾಕ್ ಫಾಸ್ಫೇಟ್ ಹಾಕುವುದು ಜಾಣತನವಲ್ಲವೇ?

ಎರಡನೆಯ ಬೀಗ ನಾರಿನದು. ಬಾರ್ಲಿ, ಗೋಧಿ, ರೈ ಧಾನ್ಯಗಳ ನಾರಿನ ಒಂದು ಭಾಗ ನೀರಿನಲ್ಲಿ ಕರಗಿ ಕರುಳಿನಲ್ಲಿ ಲೋಳೆಯಾಗುತ್ತದೆ. ಮೇವಿನ ಸಾರ ಮೈಗೆ ಹತ್ತುವುದಿಲ್ಲ, ಹಿಕ್ಕೆ ಅಂಟಂಟಾಗಿ ನೆಲದ ಹೊಟ್ಟು ಒದ್ದೆಯಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಾರ್ಲಿ ಮೇಯುವ ಮರಿಗಳಿಗೆ ಕಿಣ್ವ ಕೊಟ್ಟು ಬೆಳವಣಿಗೆ ಸುಧಾರಿಸಿದ್ದನ್ನು 1957ರಲ್ಲಿ ವರದಿ ಮಾಡಲಾಯಿತು. ಬಾರ್ಲಿಯನ್ನೇ ನಂಬಿದ ಫಿನ್ಲೆಂಡ್ ದೇಶದಲ್ಲಿ 1984ರಿಂದ ಇಂಥ ಆಹಾರ ಮಾರಾಟಕ್ಕೆ ಬಂದಿತು. ‘ಬೆಳವಣಿಗೆ ಹೆಚ್ಚಿತು’ ಎಂದು ಪ್ರಚಾರಪತ್ರಗಳಲ್ಲಿ ಕಾಣುವ ಭಾರಿ ಅಂಕಿಗಳಲ್ಲಿ ಹಲವು ಇಂಥ ಧಾನ್ಯಗಳ ಪ್ರಯೋಗಗಳವು. ನಮ್ಮ ಕೋಳಿಗಳು ತಿನ್ನುವುದು ಮೆಕ್ಕೆಜೋಳ ಮತ್ತು ಸೋಯಾ. ಮೆಕ್ಕೆಜೋಳದಲ್ಲಿ ಈ ಲೋಳೆ ನಾರು ಅತ್ಯಲ್ಪ. ಆದ್ದರಿಂದ ‘ಕ್ಸೈಲನೇಸ್’, ‘ಗ್ಲೂಕನೇಸ್’ ಎಂದು ಬರೆದ ಪೊಟ್ಟಣಗಳಿಂದ ಅಂಥ ಫಲವನ್ನೇ ಇಲ್ಲಿ ನಿರೀಕ್ಷಿಸಬಾರದು. ಆಹಾರದಲ್ಲಿ ಗೋಧಿ, ಗೋಧಿ ಬೂಸಾ, ತವುಡು ಹೆಚ್ಚಾಗಿದ್ದರೆ ಸ್ವಲ್ಪ ಅನುಕೂಲವಾದೀತು, ಅಷ್ಟೇ.

ಹಾಗಾದರೆ ಯಾರಿಗೆ ಲಾಭ? ಗಿರಣಿಯಿಂದ ತಯಾರಾದ ಆಹಾರವನ್ನು ಚೀಲದಲ್ಲೇ ಕೊಳ್ಳುವವರು ಮೊದಲು ಅದರಲ್ಲಿ ಫೈಟೇಸ್ ಸೇರಿದೆಯೇ ಎಂದು ವಿಚಾರಿಸಬೇಕು. ಈಗ ಅನೇಕ ಗಿರಣಿಗಳು ಸೇರಿಸಿಯೇ ಕಳುಹಿಸುತ್ತವೆ. ಅದರ ಮೇಲೆ ಇನ್ನೊಂದು ಪೊಟ್ಟಣ ಸುರಿಯುವುದು ದಂಡ. ತೋಟದಲ್ಲಿ ಮೇದುಕೊಂಡಿರುವ ಹತ್ತು ನಾಟಿ ಕೋಳಿಗೋ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ತಳಿಗೋ ಹುಳುಹುಪ್ಪಟೆ, ಹಸಿರು ಸಿಗುತ್ತಿರುವಾಗ ಕಿಣ್ವದ ಚಿಂತೆ ಬೇಡ. ಲಾಭವಿರುವುದು ನುಚ್ಚು, ತವುಡು, ಜೋಳ, ಹಿಂಡಿ ತಂದು ತಾವೇ ಆಹಾರ ಬೆರೆಸಿ ಗೂಡಿನಲ್ಲಿ ಕೋಳಿ ಸಾಕುವವರಿಗೆ. ಅವರಿಗೂ ಲಾಭ ಬರುವುದು ಬೆರಕೆಯ ಲೆಕ್ಕವನ್ನು ತಿದ್ದಿಕೊಂಡಾಗ ಮಾತ್ರ.

ಆ ಲೆಕ್ಕ ಹೀಗೆ. ಮಾಂಸದ ಕೋಳಿಗೆ ಆಹಾರದ ಪ್ರತಿ ಕಿಲೋಗೆ 500 ಯೂನಿಟ್ ಫೈಟೇಸ್ ರೂಢಿಯ ಪ್ರಮಾಣ; ಮೊಟ್ಟೆ ಕೋಳಿಗೆ 300 ಸಾಕು. ಪೊಟ್ಟಣದ ಮೇಲೆ ಒಂದು ಗ್ರಾಮಿಗೆ 5000 ಯೂನಿಟ್ (ಎಫ್.ಟಿ.ಯು.) ಎಂದಿದ್ದರೆ, ಮಾಂಸದ ಕೋಳಿಯ ಒಂದು ಕ್ವಿಂಟಲ್ ಆಹಾರಕ್ಕೆ 10 ಗ್ರಾಂ ಬೇಕು, 2500 ಎಂದಿದ್ದರೆ 20 ಗ್ರಾಂ. ಇಷ್ಟು ಹಾಕಿದಾಗ ಕ್ವಿಂಟಲಿಗೆ ಸುಮಾರು ಅರ್ಧ ಕಿಲೋ ಡಿ.ಸಿ.ಪಿ. ಕಡಿಮೆ ಮಾಡಬಹುದು. ಒಂದೂವರೆ ಕಿಲೋ ಹಾಕುತ್ತಿದ್ದವರು ಒಂದು ಕಿಲೋ ಹಾಕಿದರಾಯಿತು. ಡಿ.ಸಿ.ಪಿ. ಪೂರ್ತಿ ಕಡಿಮೆಯಾಗದೆ, ಮೇಲೆ ಕಿಣ್ವವನ್ನೂ ಹಾಕಿದರೆ ಖರ್ಚು ಎರಡು, ಫಲ ಒಂದು. ಹತ್ತು ಗ್ರಾಂ ಪುಡಿಯ ಬೆಲೆ ಅರ್ಧ ಕಿಲೋ ಡಿ.ಸಿ.ಪಿ.ಯ ಬೆಲೆಗಿಂತ ಎಷ್ಟು ಕಡಿಮೆ ಎಂದು ತಮ್ಮ ಊರಿನ ಅಂಗಡಿಯಲ್ಲೇ ಕೇಳಿ ನೋಡತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಿಣ್ವ ಹಾಕಿದೆವೆಂದು ಡಿ.ಸಿ.ಪಿ.ಯನ್ನು ಪೂರ್ತಿ ನಿಲ್ಲಿಸಿದರೆ ಮರಿಗಳು ಕಾಲು ಸೊಟ್ಟಗಾಗಿ ಕುಳಿತುಬಿಡುತ್ತವೆ. ಕೊಕ್ಕು ಮೆತ್ತಗಾಗುತ್ತದೆ, ಮೇವು ಬಿಡುತ್ತವೆ. ಇಂಥ ಲಕ್ಷಣ ಕಂಡ ಕೂಡಲೇ ಮೊದಲಿನ ಬೆರಕೆಗೆ ಮರಳಿ ಪಶುವೈದ್ಯರಿಗೆ ತೋರಿಸಬೇಕು. ತಡವಾದರೆ ಸೊಟ್ಟಗಾದ ಕಾಲು ನೆಟ್ಟಗಾಗದು. ಸುಣ್ಣದ ಅಂಶ ಮಿತಿಮೀರಿದರೂ ಕಷ್ಟವೇ. ಹೆಚ್ಚಿನ ಸುಣ್ಣ ಫೈಟೇಟಿನೊಡನೆ ಗಟ್ಟಿಯಾಗಿ ಸೇರಿಕೊಂಡರೆ ಕಿಣ್ವಕ್ಕೂ ಅದು ಸಿಗುವುದಿಲ್ಲ. ಮೊಟ್ಟೆ ಕೋಳಿಯ ಆಹಾರವನ್ನು ಮರಿಗಳಿಗೆ ಹಾಕಬಾರದೆಂಬುದಕ್ಕೆ ಇದೂ ಒಂದು ಕಾರಣ.

ಹತ್ತು ಗ್ರಾಂ ಪುಡಿಯನ್ನು ನೂರು ಕಿಲೋ ರಾಶಿಗೆ ನೇರವಾಗಿ ಎರಚಿದರೆ ಒಂದು ಕೋಳಿಗೆ ಸಿಕ್ಕೀತು, ಒಂಬತ್ತಕ್ಕೆ ಇಲ್ಲ. ಮೊದಲು ಒಂದು ಹಿಡಿ ತವುಡಿನಲ್ಲಿ, ಅದನ್ನು ಒಂದು ಕಿಲೋದಲ್ಲಿ, ಮತ್ತೆ ಹತ್ತು ಕಿಲೋದಲ್ಲಿ ಚೆನ್ನಾಗಿ ಬೆರೆಸಿ, ಕೊನೆಗೆ ರಾಶಿಗೆ ಸೇರಿಸಿ ಎರಡು ಮೂರು ಸಲ ಮಗುಚಬೇಕು. ತವುಡು ನುಚ್ಚು ಬೇಯಿಸಿ ಗಂಜಿ ಮಾಡಿ ಹಾಕುವ ಮನೆಗಳಲ್ಲಿ ಪುಡಿಯನ್ನು ಬಿಸಿ ಗಂಜಿಗೆ ಹಾಕಲೇಬಾರದು. ಕುದಿಯುವ ಬಿಸಿಗೆ ಕಿಣ್ವ ಸತ್ತೇ ಹೋಗುತ್ತದೆ. ಆರಿದ ಮೇಲೆ ಬೆರೆಸಬೇಕು. ನಮ್ಮ ಮಳೆಗಾಲದ ತೇವವೂ ಅದಕ್ಕೆ ಶತ್ರು. ಸಣ್ಣ ಪೊಟ್ಟಣ ಕೊಂಡು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತಂಪಾದ ಕಡೆ ಇಟ್ಟು, ತಾರೀಖು ಮೀರುವ ಮೊದಲು ಮುಗಿಸುವುದು ಲೇಸು.

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ವಿಷವನ್ನು ಈ ಕಿಣ್ವಗಳು ತೆಗೆಯಲಾರವು. ಕಾಫಿ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಕಿಣ್ವದೊಡನೆ ಕೋಳಿಗೆ ಹಾಕಬಹುದೇ ಎಂಬ ಆಸೆಯೂ ಬೆಳೆಗಾರರಿಗೆ ಸಹಜ. ಬೇಡವೆಂದೇ ನಮ್ಮ ಸಲಹೆ. ಮೇವು ಕೋಳಿಯ ಹೊಟ್ಟೆಯಲ್ಲಿ ನಿಲ್ಲುವುದೇ ಕೆಲವು ಗಂಟೆ. ಅಷ್ಟರಲ್ಲಿ ಆ ಒರಟು ನಾರು ಕರಗದು. ಅದರಲ್ಲಿರುವ ಕೆಫೀನ್ ಮತ್ತು ಒಗರು ಹಾಗೆಯೇ ಉಳಿದು ಬೆಳವಣಿಗೆಯನ್ನು ಕುಂಠಿಸುತ್ತವೆ. ಅದರ ಜಾಗ ಗೊಬ್ಬರದ ಗುಂಡಿ.

ಮಾರುವವರ ಮಾತನ್ನೂ ನಮ್ಮ ಮಾತನ್ನೂ ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಒಂದೇ ದಿನ ಒಡೆದ ಐವತ್ತು ಮರಿಗಳನ್ನು ಆರಿಸದೆ ಎರಡು ಪಾಲು ಮಾಡಿ. ಒಂದು ಪಾಲಿಗೆ ಮಾಮೂಲಿ ಬೆರಕೆ. ಇನ್ನೊಂದಕ್ಕೆ ಅರ್ಧ ಕಿಲೋ ಡಿ.ಸಿ.ಪಿ. ಕಳೆದು ಫೈಟೇಸ್ ಸೇರಿಸಿದ ಬೆರಕೆ. ಹಾಕಿದ ಆಹಾರವನ್ನೂ ವಾರಕ್ಕೊಮ್ಮೆ ಮರಿಗಳ ತೂಕವನ್ನೂ ಬರೆದಿಡಿ. ತಿಂದ ಆಹಾರದ ತೂಕವನ್ನು ಹೆಚ್ಚಿದ ಮೈತೂಕದಿಂದ ಭಾಗಿಸಿದರೆ ಒಂದು ಕಿಲೋ ಮೈ ಬೆಳೆಯಲು ಎಷ್ಟು ಆಹಾರ ಹಿಡಿಯಿತೆಂದು ತಿಳಿಯುತ್ತದೆ. ಎರಡೂ ಪಾಲು ಸಮವಾಗಿ ಬೆಳೆದು ಕಾಲುಗಳು ಗಟ್ಟಿಯಾಗಿದ್ದರೆ ಕಿಣ್ವ ತನ್ನ ಕೆಲಸ ಮಾಡಿದೆ ಎಂದೇ ಅರ್ಥ, ಉಳಿದ ಡಿ.ಸಿ.ಪಿ.ಯ ಹಣವೇ ಲಾಭ. ಇಪ್ಪತ್ತೈದು ಮರಿಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದ್ದರಿಂದ ಇನ್ನೊಂದು ತಂಡದಲ್ಲಿ ಪಾಲುಗಳನ್ನು ಅದಲುಬದಲು ಗೂಡುಗಳಲ್ಲಿಟ್ಟು ಮತ್ತೊಮ್ಮೆ ನೋಡುವುದು ಒಳಿತು.