ಬಸೆಲ್ಟನ್: ಹಡಗುಗಳ ಬೆನ್ನು ಹತ್ತಿ ಕಡಲಿಗಿಳಿದ ಮರದ ಧಕ್ಕೆ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಿಂದ ದಕ್ಷಿಣಕ್ಕೆ ಸುಮಾರು 220 ಕಿ.ಮೀ. ದೂರದಲ್ಲಿದೆ ಬಸೆಲ್ಟನ್. ಈ ಪಟ್ಟಣದ ಹಳೆಯ ಫೋಟೊಗಳನ್ನು ಕಾಲಾನುಕ್ರಮದಲ್ಲಿ ಪಕ್ಕಪಕ್ಕ ಇಟ್ಟು ನೋಡಬೇಕು. ಚಿತ್ರ ಹೊಸದಾದಂತೆಲ್ಲ ಹಡಗುಗಳು ದಡದಿಂದ ದೂರ ಸರಿಯುತ್ತವೆ. ಮರದ ಧಕ್ಕೆ ಅವುಗಳ ಬೆನ್ನು ಹತ್ತಿ ಕಡಲೊಳಗೆ ಉದ್ದವಾಗುತ್ತಲೇ ಹೋಗುತ್ತದೆ. 1865ರಲ್ಲಿ ಹಡಗುಗಳಿಗೆ ತೆರೆದಾಗ ಅದರ ಉದ್ದ ಬರೀ 161 ಮೀಟರ್. ನೂರು ವರ್ಷ ತುಂಬುವ ಹೊತ್ತಿಗೆ 1,841 ಮೀಟರ್! ಮರದ ಕಂಬಗಳ ಮೇಲೆ ನಿಂತ ಧಕ್ಕೆಗಳಲ್ಲಿ ಭೂಮಿಯ ದಕ್ಷಿಣಾರ್ಧದಲ್ಲೇ ಇದು ಅತಿ ಉದ್ದದ್ದು.

ಇಷ್ಟು ಉದ್ದ ಬೇಕಾದದ್ದು ಊರಿನ ಮುಂದಿನ ಜಿಯೋಗ್ರಾಫ್ ಕೊಲ್ಲಿಯ ತಳದ ದೆಸೆಯಿಂದ. 1801ರಲ್ಲಿ ಇಲ್ಲಿಗೆ ಬಂದ ಫ್ರೆಂಚ್ ನಾವಿಕ ನಿಕೊಲಾ ಬೋದಾಂ ತನ್ನ ಹಡಗಿನ ಹೆಸರನ್ನೇ ಈ ಕೊಲ್ಲಿಗೆ ಇಟ್ಟ. ನ್ಯಾಚುರಲಿಸ್ಟ್ ಭೂಶಿರ ಅಡ್ಡ ನಿಂತಿರುವುದರಿಂದ ನೈಋತ್ಯದ ಗಾಳಿಯ ಕಾಟ ಇಲ್ಲಿ ಕಡಿಮೆ. ಹಾಗೆಂದು ಹಡಗನ್ನು ದಡಕ್ಕೆ ತರುವಂತಿಲ್ಲ. ತಳ ಎಷ್ಟು ನಿಧಾನವಾಗಿ ಇಳಿಯುತ್ತದೆಂದರೆ, ಬಹುದೂರ ನಡೆದರೂ ನೀರು ಎದೆಮಟ್ಟ ದಾಟುವುದಿಲ್ಲ. ಮಂಗಳೂರಿನ ಹಳೆ ಬಂದರಿಗಾದರೆ ನೇತ್ರಾವತಿ, ಗುರುಪುರ ನದಿಗಳ ಅಳಿವೆಯ ಆಸರೆಯಿತ್ತು. ಬಸೆಲ್ಟನ್ನಿಗೆ ಅಂಥ ಅಳಿವೆ ಸಿಗಲಿಲ್ಲ. ಕಡಲ ನಡುವೆ ಚಾಚಿದ ಧಕ್ಕೆಯೇ ಅದರ ಬಂದರಾಯಿತು.

ಮೊದಲ ಧಕ್ಕೆಯನ್ನು ಕಟ್ಟಿದವನು ಮರದ ವ್ಯಾಪಾರಿ ಹೆನ್ರಿ ಯೆಲ್ವರ್ಟನ್. ಕೆಲಸ ಶುರುವಾದದ್ದು 1864ರಲ್ಲಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಂಬಗಳ ಸುತ್ತ ಮರಳು ಕೂತು ನೀರಿನ ಆಳ ತಗ್ಗಿತು, ಧಕ್ಕೆಗೆ ಇನ್ನೂ 131 ಮೀಟರ್ ಸೇರಿಸಬೇಕಾಯಿತು. ಆಮೇಲೆ ಇದೇ ಕತೆ. ಒಂದು ಕಡೆ ಮರಳು ತುಂಬುತ್ತಿತ್ತು, ಇನ್ನೊಂದು ಕಡೆ ಹಡಗುಗಳ ಗಾತ್ರ ಹಿಗ್ಗುತ್ತಿತ್ತು. ಎರಡಕ್ಕೂ ಊರಿನವರ ಬಳಿ ಇದ್ದ ಉತ್ತರ ಒಂದೇ: ಮತ್ತಷ್ಟು ಕಂಬ ಹೂಡುವುದು.

ಆ ಕಂಬಗಳು ಜಾರಾ ಮರದವು. ನಮ್ಮ ನೀಲಗಿರಿ ತೋಪುಗಳ ಮರದ್ದೇ ಬಳಗ ಅದು. ತಿರುಳು ಕಡುಗೆಂಪು, ಕೈಗೆತ್ತಿದರೆ ಭಾರ, ಗೆದ್ದಲಿಗೂ ನೀರಿಗೂ ಬೇಗ ಜಗ್ಗುವುದಿಲ್ಲ. ಧಕ್ಕೆ ಕಟ್ಟಿದ್ದು ಜಾರಾದಿಂದ, ಧಕ್ಕೆಯಿಂದ ಹಡಗೇರಿದ್ದೂ ಮುಖ್ಯವಾಗಿ ಜಾರಾ. ನೈಋತ್ಯ ಮೂಲೆಯ ಕಾಡುಗಳಲ್ಲಿ ಕಡಿದ ಈ ಮರ ಲಂಡನ್ನಿನ ಬೀದಿಗಳಿಗೆ ಹಾಸುವ ತುಂಡುಗಳಾಯಿತು. ಭಾರತದ ರೈಲು ಹಳಿಗಳಿಗೆ ಸ್ಲೀಪರ್ ಆಗಿಯೂ ಬಂತು. ನಮ್ಮ ಅಜ್ಜಂದಿರು ಓಡಾಡಿದ ರೈಲಿನ ಕೆಳಗೆ ಎಲ್ಲೋ ಆ ಕಾಡಿನ ಮರವೂ ಇದ್ದಿರಬಹುದು ಎಂಬ ಯೋಚನೆಯೇ ಈ ದೂರದ ಊರನ್ನು ನನಗೆ ಹತ್ತಿರ ಮಾಡಿದ್ದು.

ಮರ ಸಾಗಿಸುತ್ತಿದ್ದ ಕಾಲದ ಚಿತ್ರಗಳಲ್ಲಿ ಮೊದಲು ಕಣ್ಣು ಸೆಳೆಯುವುದು ಹಾಯಿಹಡಗುಗಳ ಎತ್ತರದ ಪಟಸ್ತಂಭಗಳು. ಸ್ವಲ್ಪ ಕೆಳಗೆ ನೋಡಿ. ಹಲಗೆಗಳ ಮೇಲೆ ಹಳಿ, ಹಳಿಯ ಪಕ್ಕ ಕೊಯ್ದ ತೊಲೆಗಳ ರಾಶಿ. ಮೊದಮೊದಲು ಕುದುರೆ ಎಳೆಯುವ ಬಂಡಿಗಳಿದ್ದವು. 1911ರಲ್ಲಿ ರೈಲು ಹಳಿಯೇ ಧಕ್ಕೆಯುದ್ದಕ್ಕೂ ಬಂತು. ಹಾಯಿ ಹೋಗಿ ಹೊಗೆಕೊಳವೆ ಬಂದರೂ ತೊಲೆ ಹೊತ್ತವರ ಹೆಗಲಿಗೆ ಬಿಡುವು ಸಿಗಲಿಲ್ಲ. ಯೆಲ್ವರ್ಟನ್ ಹೆಸರು ಉಳಿಯಿತು, ಹಡಗುಗಳ ಹೆಸರೂ ದಾಖಲೆಯಲ್ಲಿದೆ. ತೊಲೆ ಹೊತ್ತವರು ಮುಖವಾಗಿ ಮಾತ್ರ ಉಳಿದಿದ್ದಾರೆ. ಅದಕ್ಕೇ ಇಂಥ ಫೋಟೊಗಳನ್ನು ಹಡಗು ನೋಡಿ ಪಕ್ಕಕ್ಕಿಡಬಾರದು.

ಕ್ಯಾಮೆರಾ ಬರುವ ಮುಂಚಿನ ಒಂದು ಸಂಗತಿಯನ್ನೂ ಇಲ್ಲಿ ಬಿಡುವಂತಿಲ್ಲ. ಈ ಕರಾವಳಿ ಮೂಲನಿವಾಸಿಗಳಾದ ವಾರ್ಡಾಂಡಿ ನುಂಗಾರ್ ಜನರದ್ದು. ಊರಿಗೆ ಹೆಸರು ಕೊಟ್ಟ ಬಸೆಲ್ ಕುಟುಂಬದವರು 1830ರ ದಶಕದಲ್ಲಿ ಬಂದು ನೆಲೆಸಿದವರು. 1841ರಲ್ಲಿ ಪಕ್ಕದ ವನ್ನರಪ್‌ನಲ್ಲಿ ಒಬ್ಬ ವಲಸಿಗನ ಕೊಲೆಯಾದಾಗ, ಸೇಡಿಗಾಗಿ ಹೊರಟ ಬಿಳಿಯರ ತಂಡ ವಾರ್ಡಾಂಡಿಗಳನ್ನು ಬೇಟೆಯಾಡಿ ಕೊಂದಿತು. ಬಸೆಲ್ ಸೋದರರೂ ಆ ತಂಡದಲ್ಲಿದ್ದರು. ಧಕ್ಕೆಯ ಮೊದಲ ಕಂಬ ಇಳಿದದ್ದು ಇದಾಗಿ ಕಾಲು ಶತಮಾನವೂ ಕಳೆಯದ ನೆಲದ ಅಂಚಿನಲ್ಲಿ.

ಇಪ್ಪತ್ತನೇ ಶತಮಾನದಲ್ಲಿ ವ್ಯಾಪಾರ ನಿಧಾನವಾಗಿ ಉತ್ತರದ ಬನ್‌ಬರಿ ಬಂದರಿನ ಕಡೆ ವಾಲಿತು. 1972ರಲ್ಲಿ ಬಸೆಲ್ಟನ್ ಬಂದರು ಅಧಿಕೃತವಾಗಿ ಮುಚ್ಚಿತು. ಅಲ್ಲಿಯವರೆಗೆ ಧಕ್ಕೆಯನ್ನು ನೋಡಿಕೊಳ್ಳುತ್ತಿದ್ದವರು ಕೈಬಿಟ್ಟರು. ಮರದ ಧಕ್ಕೆಯನ್ನು ನಾಲ್ಕು ವರ್ಷ ನೋಡದೆ ಬಿಟ್ಟರೆ ಕಡಲು ಸುಮ್ಮನಿರುವುದಿಲ್ಲ. ಹಲಗೆ, ತೊಲೆ ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತವೆ. ಆದರೆ ನೀರು ಏರಿಳಿಯುವ ಮಟ್ಟದಲ್ಲಿ ಅಲೆಯ ಪೆಟ್ಟಿಗೂ ಮರ ಕೊರೆಯುವ ಕಡಲ ಹುಳಕ್ಕೂ ಸಿಕ್ಕಿ ಕಂಬದ ನಡು ಸಣ್ಣಗಾಗಿರುತ್ತದೆ. ಬೋಲ್ಟು ತುಕ್ಕು ಹಿಡಿದು ಊದಿ, ತನ್ನ ಸುತ್ತಲಿನ ಮರವನ್ನೇ ಸೀಳುತ್ತದೆ. 1978ರ ಏಪ್ರಿಲ್ 4ರಂದು ಆಲ್ಬಿ ಚಂಡಮಾರುತ ಬೀಸಿದಾಗ ದಡದ ಕಡೆಯ ದೊಡ್ಡ ಭಾಗವೇ ಕೊಚ್ಚಿಹೋಯಿತು. ಧಕ್ಕೆಯ ತುದಿ ದಡದ ಸಂಬಂಧ ಕಡಿದುಕೊಂಡು ಕಡಲ ನಡುವೆ ನಿಂತಿತು.

ಹಡಗು ಬರುವುದು ನಿಂತಾಗಿತ್ತು. ಕೆಡವಿ ಹಾಕಿದ್ದರೆ ಲೆಕ್ಕಪತ್ರದ ದೃಷ್ಟಿಯಿಂದ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಊರಿನವರು ಒಪ್ಪಲಿಲ್ಲ. ಸಮಿತಿ ಕಟ್ಟಿದರು, ಚಂದಾ ಎತ್ತಿದರು, ಸರ್ಕಾರದ ಬೆನ್ನು ಬಿದ್ದರು, ಮುರಿದ ಭಾಗವನ್ನು ಮತ್ತೆ ಜೋಡಿಸಿದರು. 1999ರ ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದು 65 ಮೀಟರ್ ಸುಟ್ಟುಹೋಯಿತು, ಅದನ್ನೂ ಕಟ್ಟಿದರು. ಕೊನೆಗೆ ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರ್ ವೆಚ್ಚದ ದೊಡ್ಡ ದುರಸ್ತಿ ನಡೆದು, 2011ರ ಫೆಬ್ರವರಿಯಲ್ಲಿ ಧಕ್ಕೆ ಮತ್ತೆ ತೆರೆಯಿತು. ಇಲ್ಲಿ ನನಗೆ ಉದ್ದದ ದಾಖಲೆಗಿಂತ ದೊಡ್ಡದಾಗಿ ಕಾಣುವುದು ಈ ಹಟವೇ.

ನೂರೈವತ್ತು ವರ್ಷದಲ್ಲಿ ಧಕ್ಕೆಯ ಕೆಳಗೆ ಇನ್ನೊಂದು ಊರೇ ಬೆಳೆದಿದೆ. ಲೀವಿನ್ ಎಂಬ ಬೆಚ್ಚನೆಯ ಪ್ರವಾಹ ಉಷ್ಣವಲಯದ ಜೀವಿಗಳನ್ನು ಇಷ್ಟು ದಕ್ಷಿಣಕ್ಕೂ ತಂದುಬಿಡುತ್ತದೆ. ಹಲಗೆಗಳ ನೆರಳಿನಲ್ಲಿ ಕಂಬಕಂಬಕ್ಕೂ ಮೆದು ಹವಳ, ಸ್ಪಂಜುಗಳು ಹತ್ತಿಕೊಂಡಿವೆ. ಇಲ್ಲಿ 300ಕ್ಕೂ ಹೆಚ್ಚು ಬಗೆಯ ಜಲಚರಗಳನ್ನು ಗುರುತಿಸಿದ್ದಾರೆ. ತುದಿಯ ಬಳಿ 2003ರಲ್ಲಿ ತೆರೆದ ವೀಕ್ಷಣಾಲಯದಲ್ಲಿ ಸುತ್ತುಮೆಟ್ಟಿಲಿಳಿದು ನೀರಿನ ಮಟ್ಟಕ್ಕಿಂತ ಎಂಟು ಮೀಟರ್ ಕೆಳಗೆ ನಿಂತು, ಗಾಜಿನಾಚೆಗೆ ಇವನ್ನೆಲ್ಲ ನೋಡಬಹುದು. ಅದರ ಟಿಕೆಟ್ಟಿನ ದುಡ್ಡು ಧಕ್ಕೆಯ ನಿರ್ವಹಣೆಗೇ ಹೋಗುತ್ತದೆ.

ಅತ್ತ ಹೋಗುವವರು ಮೊದಲು ಊರಿನ ರೈಲ್ವೆ ಹೌಸ್‌ಗೆ ಹೋಗಬೇಕು. ಆ ಸೀಮೆಯ ಕಾಡಿನಿಂದ ಮರ ಎಳೆದ, ಪಶ್ಚಿಮ ಆಸ್ಟ್ರೇಲಿಯಾದ ಮೊತ್ತಮೊದಲ ಉಗಿಬಂಡಿ 1871ರ ‘ಬ್ಯಾಲರಾಟ್’ ಅಲ್ಲಿದೆ. ಆಮೇಲೆ ಧಕ್ಕೆಯ ತುದಿಯವರೆಗೆ ಪುಟ್ಟ ರೈಲಿನಲ್ಲಿ ಹೋಗಿ, ಬರುವಾಗ ನಡೆದು ಬನ್ನಿ. ಹಲಗೆಯ ಸಂದಿನಲ್ಲಿ ಕಾಣುವ ಆಳದ ಕಡುನೀಲಿ ಹೆಜ್ಜೆಹೆಜ್ಜೆಗೂ ತಿಳಿಯಾಗಿ, ದಡ ಇನ್ನೂ ಅಷ್ಟು ದೂರ ಇರುವಾಗಲೇ ತಳದ ಮರಳು ಕಾಣತೊಡಗುತ್ತದೆ. ಆ ಜನ ಮತ್ತೆ ಮತ್ತೆ ಯಾಕೆ ಮುಂದೆ ಮುಂದೆ ಕಂಬ ಹೂಡಿದರು ಎಂಬುದು ಆಗ ಕಾಲಿಗೇ ಗೊತ್ತಾಗುತ್ತದೆ.